ಹನ್ನೊಂದು ವರ್ಷ ಮನೇಲಿದ್ದು ಆಮೇಲೆ ಟ್ಯಾಲಿ-ಜಿಎಸ್‌ಟಿ ಕ್ಲಾಸಿಗೆ ಹೋದೆ, ದುಡ್ಡಿಗೆ ಮೋಸ ಇಲ್ಲ ಆದ್ರೆ...

ಮೊದ್ಲೇ ಹೇಳಿಬಿಡ್ತೀನಿ, ಕ್ಲಾಸಿನ ಹೆಸ್ರು ಇಲ್ಲಿ ಹಾಕಲ್ಲ. ಹೊಗಳೋದೂ ಇದೆ ಬೈಯೋದೂ ಇದೆ, ಸಾರ್ ಇನ್ನೂ ನನ್ನ ವಾಟ್ಸಾಪಲ್ಲಿ ಇದ್ದಾರೆ, ದಾವಣಗೆರೆ ಎಷ್ಟೇ ಸ್ಮಾರ್ಟ್ ಸಿಟಿ ಆದ್ರೂ ರಾಂ ಅಂಡ್ ಕೋ ಸರ್ಕಲ್ಲಲ್ಲಿ ನಿಂತ್ರೆ ಹತ್ತು ನಿಮಿಷಕ್ಕೊಬ್ರು ಪರಿಚಯದವರು ಸಿಗೋ ಊರೇ. ಪಿ.ಜೆ. ಬಡಾವಣೆ ಕಡೆ, ಎರಡನೇ ಮಹಡಿ, ಕೆಳಗೆ ಜೆರಾಕ್ಸ್ ಅಂಗಡಿ, ಇಷ್ಟು ಸಾಕು. ಈ ತರ ಮೆಟ್ಟಿಲು ಹತ್ತಿ ಹೋಗೋ ಕಂಪ್ಯೂಟರ್ ಕ್ಲಾಸ್ ನಮ್ಮೂರಲ್ಲಿ ಬೇಕಾದಷ್ಟಿವೆ, ನಾನು ಹೇಳೋದ್ರಲ್ಲಿ ಅರ್ಧ ಎಲ್ಲಾದಕ್ಕೂ ಹೊಂದುತ್ತೆ ಅನ್ಕೊಳ್ರಿ.

ನನ್ನ ಕಥೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಯಾಕೆ ಇಷ್ಟು ಮಾರ್ಕ್ಸ್ ಕೊಟ್ಟೆ ಅಂತ ಗೊತ್ತಾಗಲ್ಲ. ಬಿಕಾಂ ಮುಗಿಸಿ 2006ರಿಂದ 2014ರ ತನಕ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡೀಲಿ ಲೆಕ್ಕ ಬರೀತಿದ್ದೆ. ಟ್ಯಾಲಿ ಅಂದ್ರೆ ಕಂಪ್ಯೂಟರಲ್ಲಿ ಲೆಕ್ಕ ಬರಿಯೋ ಸಾಫ್ಟ್‌ವೇರ್, ಅದ್ರ 7.2 ಕಾಲ ಅದು. ತಿಂಗಳಾ ತಿಂಗಳಾ ಆಗಿನ ಮಾರಾಟ ತೆರಿಗೆ ಲೆಕ್ಕದ ವ್ಯಾಟ್ 100 ಫಾರಂ, ಹೊರಗಿನ ರಾಜ್ಯದ ಮಾಲಿಗೆ ಟ್ಯಾಕ್ಸ್ ಕಮ್ಮಿ ಆಗೋಕೆ ಕೊಡೋ ಸಿ ಫಾರಂ, 20ನೇ ತಾರೀಖು ಹತ್ರ ಬಂತು ಅಂದ್ರೆ ಯಜಮಾನ್ರು ಗಲ್ಲಾದಿಂದಲೇ "ಏನವ್ವ, ಮುಗೀತೇನು ನಿಂದು" ಅಂತ ಕೂಗೋರು, ನಾನು ಒಳಗಿಂದ "ಆತ್ರಿ ಅಣ್ಣಾರೆ, ಒಂದು ಬಿಲ್ ಐತೆ" ಅನ್ನೋಳು, ಆ ಒಂದು ಬಿಲ್ ಯಾವತ್ತೂ ಒಂದು ಆಗಿರ್ತಿರ್ಲಿಲ್ಲ ಬಿಡ್ರಿ. ಎರಡನೇ ಹೆರಿಗೆಗೆ ಬಿಟ್ಟೆ, ಆರು ತಿಂಗಳಿಗೆ ವಾಪಸ್ ಬರ್ತೀನಿ ಅಂತ ಹೇಳಿ ಬಿಟ್ಟಿದ್ದು. ಮಗ ಸಣ್ಣೋನು, ಆಮೇಲೆ 2018ರಲ್ಲಿ ಅತ್ತೆಗೆ ಸ್ಟ್ರೋಕ್ ಆಗಿ ಐದು ವರ್ಷ ಹಾಸಿಗೆ. ಮಧ್ಯದಲ್ಲಿ 2017ರ ಜುಲೈ 1 ಬಂತು. ಹಿಂದಿನ ರಾತ್ರಿ ಪಾರ್ಲಿಮೆಂಟಲ್ಲಿ ಹನ್ನೆರಡು ಗಂಟೆಗೆ ಜಿಎಸ್‌ಟಿ ಶುರು ಮಾಡಿದ್ದನ್ನ ಟಿವೀಲಿ ತೋರಿಸ್ತಿದ್ರು, ಮಗನಿಗೆ ಜ್ವರ, ಒದ್ದೆ ಬಟ್ಟೆ ಹಿಡ್ಕೊಂಡು ಕುಂತು ನೋಡ್ತಿದ್ದೆ. ವ್ಯಾಟು ಹೋಯ್ತು ಸಿ ಫಾರಂ ಹೋಯ್ತು ಅಂತ ಕೇಳ್ತಿದ್ದಂಗೆ ನಂಗೆ ಗೊತ್ತಿದ್ದ ಕೆಲ್ಸಾನೇ ಹೋಯ್ತು ಅನ್ನಿಸ್ತು, ಟಿವಿ ಆಫ್ ಮಾಡಿ ಮಲಗಿದೆ.

ಅತ್ತೆ 2023ರಲ್ಲಿ ಹೋದ್ರು. ಆಮೇಲೂ ಎರಡು ವರ್ಷ ನಾನು ಮನೇಲೇ ಇದ್ದೆ, ಅದಕ್ಕೆ ಕಾರಣ ಕೇಳಿದ್ರೆ ನನ್ನತ್ರ ಇಲ್ಲ. ಮಗಳು ಪಿಯುಸಿ, ಮಗ ತಾನೇ ಸೈಕಲ್ ತಗೊಂಡು ಸ್ಕೂಲಿಗೆ ಹೋಗ್ತಾನೆ, ನಮ್ಮನೆಯವ್ರು ಯಾವತ್ತೂ ಬೇಡ ಅಂದೋರಲ್ಲ. ಕೇಳಿದೋರಿಗೆಲ್ಲ "ಮಗಳ ಪರೀಕ್ಷೆ ಮುಗೀಲಿ", "ದಸರಾ ಕಳೀಲಿ", "ಮಳೆಗಾಲ ಹೋಗ್ಲಿ" ಅಂತಿದ್ದೆ. ಮಳೆಗಾಲಕ್ಕೂ ಟ್ಯಾಲಿಗೂ ಏನ್ ಸಂಬಂಧ ಅಂತ ಮಗಳೇ ಒಂದಿನ ಕೇಳಿದ್ಲು.

2025ರ ಜುಲೈನಲ್ಲಿ ಯುಪಿಐ ನೋಟಿಸ್ ಗಲಾಟೆ ಆಯ್ತಲ್ಲ, ಫೋನ್‌ಪೇ ಗೂಗಲ್‌ಪೇಲಿ ಬಂದ ದುಡ್ಡು ಲೆಕ್ಕ ಹಾಕಿ ಸಣ್ಣ ಸಣ್ಣ ಅಂಗಡಿಯವರಿಗೆಲ್ಲ ಜಿಎಸ್‌ಟಿ ಕಟ್ರಿ ಅಂತ ನೋಟಿಸ್ ಬಂದು, ಎಷ್ಟೋ ಜನ ಸ್ಕ್ಯಾನರ್ ಕಿತ್ತಾಕಿ "ಓನ್ಲಿ ಕ್ಯಾಶ್" ಅಂತ ಬೋರ್ಡ್ ಬರ್ದು ನೇತಾಕಿದ್ರು. ಆಗ ನಮ್ಮ ಓಣಿ ಕಾಂಡಿಮೆಂಟ್ಸ್ ಅಂಗಡಿ ಹುಡುಗ ಮನೆಗೆ ಬಂದ. ಅವನಿಗೆ ನೋಟಿಸ್ ಬಂದಿರ್ಲಿಲ್ಲ, ಬರುತ್ತೇನೋ ಅಂತ ಹೆದ್ರಿದ್ದ. "ಅಕ್ಕಾ ನೀವು ಲೆಕ್ಕದಲ್ಲಿ ಕೆಲಸ ಮಾಡಿದೋರಲ್ಲ, ನಲವತ್ತು ಲಕ್ಷ ನಲವತ್ತು ಲಕ್ಷ ಅಂತಾರಲ್ಲ ಅದು ಏನ್ರಿ?" ಅಂದ. ನಂಗೊತ್ತಿಲ್ಲಪ್ಪ, ನಾನು ಬಿಟ್ಟು ಬಾಳ ವರ್ಷ ಆತು ಅಂದೆ. ಅವ್ನು ಪಾಪ ಚಪ್ಪಲಿ ಮೆಟ್ಕೊಂಡು ಹೋದ. ಆ ಚಪ್ಪಲಿ ಸಪ್ಪಳ ಗೇಟಿನ ತನಕ ಕೇಳಿಸ್ತು ನಂಗೆ. ರಾತ್ರಿ ಎಲ್ಲಾ ಮಲಗಿದ ಮೇಲೆ ಫೋನಲ್ಲಿ ಹುಡುಕಿ ನೋಡ್ದೆ. ಬರೀ ಸಾಮಾನು ಮಾರೋರಾದ್ರೆ ವರ್ಷದ ವ್ಯಾಪಾರ 40 ಲಕ್ಷ ದಾಟಿದ್ರೆ ರಿಜಿಸ್ಟರ್ ಆಗ್ಬೇಕು, ಸರ್ವಿಸ್ ಆದ್ರೆ 20 ಲಕ್ಷ, ಒಂದೂವರೆ ಕೋಟಿ ಒಳಗಿರೋ ವ್ಯಾಪಾರಿಗೆ ಕಾಂಪೊಸಿಷನ್ ಅಂತ ಇದೆ ನೂರಕ್ಕೆ ಒಂದು ರೂಪಾಯಿ ಕಟ್ಟೋದು. ಇಷ್ಟೇ. ಹನ್ನೊಂದು ವರ್ಷ ಬೆಟ್ಟ ಬೆಟ್ಟ ಅಂತ ಹೆದ್ರಿದ್ದು ಇಪ್ಪತ್ತು ನಿಮಿಷದಲ್ಲಿ ಇಷ್ಟಾದ್ರೂ ಅರ್ಥ ಆಯ್ತು. ಬೆಳಿಗ್ಗೆ ಹಾಲು ತರೋಕೆ ಹೋದಾಗ ಅವನಿಗೆ ಹೇಳಿ ಬಂದೆ, ದುಡ್ಡು ತಗೊಳ್ಳದೇ ಒಂದು ಬನ್ ಕೊಟ್ಟ.

ಮಧ್ಯಾಹ್ನ ಕ್ಲಾಸಿಗೆ ಫೋನ್ ಮಾಡ್ದೆ. ಸಾರೇ ಎತ್ತಿದ್ರು. "ನಮ್ ತಂಗಿಗೆ ಕೇಳ್ಬೇಕಿತ್ತು ಸಾರ್" ಅಂದೆ. ನಂಗೆ ತಂಗೀನೇ ಇಲ್ಲ! ಯಾಕೆ ಬಾಯಿಗೆ ಹಂಗೆ ಬಂತೋ. ತಂಗಿಗೆ ಎಷ್ಟು ವಯಸ್ಸು ಅಂದ್ರು, ನಲವತ್ತೊಂದು ಅಂದೆ. ಏನು ಓದಿದ್ದಾರೆ, ಬಿಕಾಂ. ಮೊದ್ಲು ಕೆಲ್ಸ ಮಾಡಿದ್ರಾ, ಎಂಟು ವರ್ಷ, ಈಗ ಬಿಟ್ಟು ಹನ್ನೊಂದು ವರ್ಷ, ಈಗ ಕಲಿಯೋಕಾಗುತ್ತಾ ಸಾರ್ ಅವಳಿಗೆ, ಸ್ವಲ್ಪ ಅಂಜುಬುರುಕಿ. ಸಾರು ಒಂದು ಕ್ಷಣ ಸುಮ್ನಿದ್ದು "ನಿಮ್ ತಂಗಿನ ಸೋಮವಾರ ಹನ್ನೊಂದಕ್ಕೆ ಕಳ್ಸ್ರಿ, ಜೊತೆಗೆ ನೀವೂ ಬರ್ರಿ" ಅಂದ್ರು.

ಸೋಮವಾರ ಹೋದೆ, ಮೆಟ್ಟಿಲ ಹತ್ರ ನಿಂತೆ, ಮೇಲಿಂದ ಕಾಲೇಜು ಹುಡುಗ್ರು ನಾಲ್ಕು ಜನ ನಗ್ತಾ ಇಳ್ದು ಬಂದ್ರು, ನಾನು ಜೆರಾಕ್ಸ್ ಅಂಗಡಿಗೆ ಹೋಗಿ ಆಧಾರ್ ಕಾರ್ಡಿಂದು ಎರಡು ಕಾಪಿ ಮಾಡಿಸ್ಕೊಂಡು ವಾಪಸ್. ಮಂಗಳವಾರ ಮತ್ತೆ ಹೋದೆ, ಈ ಸಲ ಮೊದಲನೇ ಮಹಡಿ ತನಕ ಹತ್ತಿ ಇಳಿದೆ, ಹೊಟ್ಟೆ ಹಸೀತು ಅಂತ ನನಗೆ ನಾನೇ ಹೇಳ್ಕೊಂಡು ಹತ್ರದ ಹೋಟ್ಲಲ್ಲಿ ಬೆಣ್ಣೆ ದೋಸೆ ತಿಂದೆ, ಆಲೂಗಡ್ಡೆ ಪಲ್ಯ ಎರಡು ಸಲ ಹಾಕಿಸ್ಕೊಂಡೆ, ದೋಸೆ ಚೆನ್ನಾಗಿತ್ತು, ಅದರ ರಿವ್ಯೂ ಬೇರೆ ಬರೀಬಹುದು. ಬುಧವಾರ ಜೆರಾಕ್ಸ್ ಅಂಗಡಿ ಹೆಂಗಸು ನನ್ನ ನೋಡಿ "ಇವತ್ತೂ ಆಧಾರಾ?" ಅಂದ್ಲು. ಅವಮಾನ ಆಗಿ ಸೀದಾ ಮೇಲೆ ಹತ್ತಿದೆ. ನಿಜ ಹೇಳ್ಬೇಕಂದ್ರೆ ಧೈರ್ಯ ಬಂದು ಹತ್ತಿದ್ದಲ್ಲ ಅದು, ಕೆಳಗೆ ನಿಲ್ಲೋಕೆ ನಾಚಿಕೆ ಆಗಿ ಹತ್ತಿದ್ದು.

ಸಾರು ತಲೆ ಎತ್ತಿ ನೋಡಿ "ತಂಗಿ ಬರ್ಲಿಲ್ವ?" ಅಂತ ಕೇಳಿದ್ರು. ನಾನೇ ಸಾರ್ ಅಂದೆ. ಹಾಂ ಗೊತ್ತು ಕುಂದ್ರಿ ಅಂದ್ರು.

ಈಗ ವಿಷಯಕ್ಕೆ ಬರ್ತೀನಿ. ಫೀಸು ಮೂರು ತಿಂಗಳಿಗೆ 7,500, ಎರಡು ಕಂತು. ದಿನಾ ಒಂದೂವರೆ ಗಂಟೆ, ವಾರಕ್ಕೆ ಆರು ದಿನ. ಹನ್ನೊಂದು ಗಂಟೆ ಬ್ಯಾಚು ಮನೆ ಕೆಲ್ಸ ಮುಗಿಸಿ ಬರೋ ಹೆಂಗಸ್ರಿಗೆ ಚೆನ್ನಾಗಿ ಆಗುತ್ತೆ, ಸಂಜೆ ಬ್ಯಾಚ್ ಪೂರ್ತಿ ಕಾಲೇಜು ಹುಡುಗ್ರು. ನಮ್ಮ ಬ್ಯಾಚಲ್ಲಿ ಒಂಬತ್ತು ಜನ, ಅದ್ರಲ್ಲಿ ಮೂರು ಜನ ಅಂಗಡಿಯವರೇ, ನೋಟಿಸ್ ಗಲಾಟೆ ಆದ್ಮೇಲೆ ಸೇರಿದೋರು. ಜಗಳೂರಿಂದ ಒಬ್ಳು ಹುಡುಗಿ ದಿನಾ ಶಕ್ತಿ ಟಿಕೆಟಲ್ಲಿ ಬರ್ತಿದ್ಲು, ಬಸ್ ಲೇಟಾದ್ರೆ ಅವಳ ಬಿಲ್ಲೂ ನಾನೇ ಎಂಟ್ರಿ ಮಾಡಿಡ್ತಿದ್ದೆ. ಮೊದಲನೇ ದಿನ ಎಲ್ಲಾ ನನ್ನ ಆಂಟಿ ಅಂದ್ರು. ಆಂಟಿ ಅನ್ನೋದು ಬೈಗುಳ ಅಲ್ಲ, ಆದ್ರೂ ಆವತ್ತು ನಂಗೆ ಚುಚ್ಚಿತ್ತು, ಎರಡನೇ ವಾರದಿಂದ ಅದಾಗಿ ಅದೇ ಅಕ್ಕ ಆಯ್ತು.

ಮೊದಲನೇ ದಿನ ಕಂಪ್ಯೂಟರ್ ಮುಂದೆ ಕೂರಿಸಿ ಟ್ಯಾಲಿ ಪ್ರೈಮ್ ತೆಗೆದುಕೊಟ್ರು. ನಂಗೆ ಅಳು ಬರೋದೊಂದು ಬಾಕಿ. ನನ್ನ ಕಾಲದ ಟ್ಯಾಲಿ ಅಲ್ಲವೇ ಅಲ್ಲ ಅದು, ಬಣ್ಣ ಬೇರೆ, ಮೇಲೆ ಒಂದು ಪಟ್ಟಿ, ಎಲ್ಲಾ ಜಾಗ ಬದಲಾಗಿದೆ. 7.2 ಆದ್ಮೇಲೆ ಟ್ಯಾಲಿ 9, ಈಆರ್‌ಪಿ 9, 2020ರಲ್ಲಿ ಪ್ರೈಮ್, ನಡುವೆ ಎಷ್ಟು ಕಳ್ಕೊಂಡೆ ಅಂತ ಲೆಕ್ಕ ಹಾಕ್ತಾ ಕುಂತೆ. ಸಾರ್ ಬಂದು "ಒಂದು ಸೇಲ್ಸ್ ಹಾಕ್ರಿ" ಅಂದ್ರು. ಹೆಂಗೆ ಸಾರ್ ಗೊತ್ತಿಲ್ಲ ಅಂದೆ. "ಗೊತ್ತಿಲ್ಲ ಅಂತ ಆಮೇಲೆ ಹೇಳಿವ್ರಂತೆ, ಮೊದ್ಲು ಹಾಕ್ರಿ." ಸುಮ್ನೆ ಕೀಬೋರ್ಡ್ ಮೇಲೆ ಕೈ ಇಟ್ಟೆ, ವೋಚರ್‌ಗೆ ಹೋದೆ, ಬೆರಳು ತಾನಾಗೇ ಎಫ್ 8 ಒತ್ತಿಬಿಡ್ತು! ಸೇಲ್ಸ್ ಎಫ್ 8, ಪರ್ಚೇಸ್ ಎಫ್ 9, ಪೇಮೆಂಟ್ ಎಫ್ 5, ರಿಸೀಟ್ ಎಫ್ 6, ಬ್ಯಾಂಕಿಗೆ ಕಟ್ಟೋ ಕಾಂಟ್ರಾ ಎಫ್ 4. ಎಲ್ಲಾ ಹಂಗೇ ಇದೆ. ಮನಸ್ಸು ಮರ್ತಿದ್ದನ್ನ ಬೆರಳು ಮರ್ತಿರ್ಲಿಲ್ಲ. ಲೆಡ್ಜರ್, ಅಂದ್ರೆ ಖಾತೆ, ಇಲ್ಲ ಅಂತು, ಆಲ್ಟ್ ಸಿ ಒತ್ತಿ ಅಲ್ಲೇ ಲೆಡ್ಜರ್ ಮಾಡ್ದೆ, ಕಂಟ್ರೋಲ್ ಎ ಒತ್ತಿ ಸೇವ್ ಮಾಡ್ದೆ. ಪಕ್ಕದ ಹುಡುಗ ಮೌಸ್ ಹುಡುಕ್ತಾ ಇದ್ದ. ಸ್ವಲ್ಪ ಜಂಬ ಆಯ್ತು ನಂಗೆ, ಅದು ಹದಿನೈದು ನಿಮಿಷಾನೂ ಉಳೀಲಿಲ್ಲ.

ಯಾಕಂದ್ರೆ ಮುಂದಿನ ಬಿಲ್. ಈ ಸಾರ್ ಹತ್ರ ಒಂದು ಚಪ್ಪಲಿ ಡಬ್ಬಿ ಇದೆ, ಅದ್ರೊಳಗೆ ಹಳೇ ಅಂಗಡಿ ಬಿಲ್ಲುಗಳು, ಪಾರ್ಟಿ ಹೆಸ್ರಿನ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದಾರೆ, ಆದ್ರೆ ಬಾಕಿ ಎಲ್ಲಾ ನಿಜವಾದ್ದೇ. ಟೀ ಕಲೆ ಆಗಿರೋದು, ಮಡಚಿ ಮಡಚಿ ಹರಿದಿರೋದು, ಬಿಸಿಲಿಗೆ ಅಕ್ಷರ ಅಳಿಸಿಹೋಗಿರೋ ಥರ್ಮಲ್ ಪೇಪರ್ ಬಿಲ್ಲು, ಬರವಣಿಗೇಲಿ 1 ಇದೆಯೋ 7 ಇದೆಯೋ ಗೊತ್ತಾಗದ್ದು. ಕೈ ಹಾಕಿ ಯಾವುದು ಸಿಕ್ತೋ ಅದು ನಿಮ್ದು. ನಂಗೆ ಸಿಕ್ಕಿದ್ದು ಬಾಗಿಲ ಹಿಂಜು, ಟವರ್ ಬೋಲ್ಟು, ರಾಜ್‌ಕೋಟ್ ಪಾರ್ಟಿ ಬಿಲ್ಲು. ನನ್ನದೇ ಲೈನು ಇದು ಅಂತ ಖುಷಿಯಾಗಿ ಎಫ್ 9 ಒತ್ತಿ ಹಾಕ್ದೆ, ಜಿಎಸ್‌ಟಿ 18, ಅರ್ಧ ಅರ್ಧ ಮಾಡ್ಬೇಕು ಅಂತ ಮನೇಲಿ ಯೂಟ್ಯೂಬಲ್ಲಿ ನೋಡ್ಕೊಂಡಿದ್ದೆ, ಕೇಂದ್ರದ್ದು ಸಿಜಿಎಸ್‌ಟಿ 9 ರಾಜ್ಯದ್ದು ಎಸ್‌ಜಿಎಸ್‌ಟಿ 9, ಸೇವ್. ಸಾರು ಬಂದು ನೋಡಿ ತಪ್ಪು ಅಂತ ಹೇಳ್ಲಿಲ್ಲ. "ಪಾರ್ಟಿ ಜಿಎಸ್‌ಟಿ ನಂಬರ್ ಓದ್ರಿ" ಅಂದ್ರು. ಓದೋಕೆ ಶುರು ಮಾಡ್ದೆ, 24 ಅಂದೆ. "ಸಾಕು. ನಮ್ದು ಎಷ್ಟರಿಂದ ಶುರು?" ಮೇಲೆ ನಮ್ಮ ಕಂಪನಿ ನಂಬರ್ ನೋಡ್ದೆ, 29. ಆಗ ಹೊಳೀತು. ಮೊದಲ ಎರಡು ನಂಬರ್ ರಾಜ್ಯದ್ದು, ಕರ್ನಾಟಕ 29, ಗುಜರಾತ್ 24, ಆಮೇಲಿನ ಹತ್ತು ಅಕ್ಷರ ಪ್ಯಾನ್ ನಂಬರ್, ಒಟ್ಟು ಹದಿನೈದು. ರಾಜ್ಯ ಬೇರೆ ಆದ್ರೆ ಅರ್ಧ ಅರ್ಧ ಇಲ್ಲ, ಪೂರ್ತಿ 18 ಐಜಿಎಸ್‌ಟಿ. ಅಯ್ಯೋ ಇದು ನಮ್ಮ ಸಿ ಫಾರಂ ಬಿಲ್ಲೇ ಸಾರ್ ಅಂದೆ ಜೋರಾಗಿ, ಎಲ್ಲಾ ತಿರುಗಿ ನೋಡಿದ್ರು. ಒಳಗಿನ ಮಾಲು ಬೇರೆ ಹೊರಗಿನ ಮಾಲು ಬೇರೆ ಅಂತ ನಾನು ಎಂಟು ವರ್ಷ ಮಾಡಿದ್ದೆ, ಹೆಸ್ರು ಬದಲಾಗಿದೆ, ಫಾರಂಗೋಸ್ಕರ ಪಾರ್ಟಿ ಹಿಂದೆ ಓಡಾಡೋ ಗೋಳು ತಪ್ಪಿದೆ.

ಸಾರು ಆಲ್ಟ್ ಡಿ ಒತ್ತಿಸಿ ಆ ಎಂಟ್ರಿ ಅಳಿಸಿಸಿದ್ರು, ಇನ್ನೊಂದು ಸಲ ಹಾಕು ಅಂದ್ರು. ಈ ಕ್ಲಾಸಿಗೆ ನಾನು ಮಾರ್ಕ್ಸ್ ಕೊಡೋದು ಈ ಡಬ್ಬಿಗೇ. ಇದಕ್ಕಿಂತ ಮುಂಚೆ ನಾನು ಇನ್ನೆರಡು ಕಡೆ ವಿಚಾರಿಸಿದ್ದೆ, ಅಲ್ಲೆಲ್ಲ ಮೊದಲ ತಿಂಗಳು ಥಿಯರಿ, ನೋಟ್ಸ್, ಡೆಬಿಟ್ ಕ್ರೆಡಿಟ್ಟಿನ ಗೋಲ್ಡನ್ ರೂಲ್ಸ್ ಬರ್ಕೊಳ್ಳೋದು. ನನ್ನಂತೋಳಿಗೆ ನೋಟ್ಸ್ ಕೊಟ್ಟಿದ್ರೆ ಇನ್ನೊಂದು ವರ್ಷ ನೋಟ್ಸೇ ಓದ್ತಿದ್ದೆ, ಪೂರ್ತಿ ಕಲೀದೆ ಮುಟ್ಟಬಾರ್ದು ಅಂತ. ಇಲ್ಲಿ ದಿನಕ್ಕೆ ಹದಿನೈದು ಬಿಲ್ಲು ಹಾಕ್ದೆ ಏಳಂಗಿಲ್ಲ, ತಪ್ಪಾದ್ರೂ ಹಾಕ್ಬೇಕು. ಮೊದಲ ವಾರ ಹದಿನೈದರಲ್ಲಿ ಆರೇಳು ತಪ್ಪು. ಹೆದರಿಕೆ ಹೋಯ್ತಾ ಅಂದ್ರೆ ಇಲ್ಲ, ಬಿಲ್ ಹಾಕೋವಾಗ ಹೆದರೋಕೆ ಪುರುಸೊತ್ತಿರ್ಲಿಲ್ಲ, ಮನೆಗೆ ಬಂದು ಪಾತ್ರೆ ತೊಳೆಯೋವಾಗ ಮತ್ತೆ ಬರ್ತಿತ್ತು.

ಸರಿ, ಬೈಯೋದು. ಕಂಪ್ಯೂಟರು ಹಳೇವು, ಆನ್ ಮಾಡಿ ಟೀ ಕುಡ್ದು ಬರ್ಬಹುದು. ಕರೆಂಟ್ ಹೋದ್ರೆ ಯುಪಿಎಸ್ ಐದು ನಿಮಿಷ ಕೂಗಿ ಸತ್ತೋಗುತ್ತೆ. ಟ್ಯಾಲಿ ಲೈಸೆನ್ಸ್ ಇರೋದು ಸಾರ್ ಸಿಸ್ಟಮ್ಮಿಗೆ ಮಾತ್ರ, ನಮಗೆಲ್ಲ ಎಜುಕೇಷನಲ್ ಮೋಡು, ಅದ್ರಲ್ಲಿ ತಿಂಗಳ ಒಂದನೇ ತಾರೀಖು, ಎರಡನೇ ತಾರೀಖು, ಕೊನೇ ದಿನ ಬಿಟ್ಟು ಬೇರೆ ಡೇಟ್ ತಗೊಳ್ಳಲ್ಲ. ಹಂಗಾಗಿ ನಮ್ಮ ಕ್ಲಾಸಲ್ಲಿ ಮಾತ್ರ ದಾವಣಗೆರೆ ವ್ಯಾಪಾರ ಎಲ್ಲಾ ಮೂರೇ ದಿನದಲ್ಲಿ ನಡೆಯುತ್ತೆ. ಕಲಿಯೋಕೆ ತೊಂದ್ರೆ ಇಲ್ಲ ಆದ್ರೆ ಬ್ಯಾಂಕ್ ತಾಳೆ ನೋಡೋದು ಕಲಿಸೋವಾಗ ಮಜಾ ಬರಲ್ಲ. ಟಾಯ್ಲೆಟ್ ಬಗ್ಗೆ ಕೇಳ್ಬೇಡ್ರಿ, ಮನೇಲೇ ಮುಗಿಸ್ಕೊಂಡು ಬರ್ರಿ. ಸಾರ್ ರಜ ಹಾಕಿದ್ರೆ ಒಬ್ಬ ಹುಡುಗ ಪಾಠ ಮಾಡ್ತಾನೆ, ಅವನಿಗೆ ಗೊತ್ತಿದೆ ಆದ್ರೆ ಅವನೇ ನಮ್ಮ ಮೌಸ್ ಕಿತ್ಕೊಂಡು ಟಕಟಕ ಮಾಡಿ ತೋರಿಸಿ "ಇಷ್ಟೇ ಮೇಡಂ" ಅಂತ ಹೋಗ್ತಾನೆ. ಒಂದಿನ "ನಿಮ್ ಏಜಲ್ಲಿ ಸ್ವಲ್ಪ ಸ್ಲೋ ಆಗುತ್ತೆ ಬಿಡಿ" ಅಂದ. ಆವತ್ತು ಮನೆಗೆ ಬಂದು ನಾಳೆಯಿಂದ ಹೋಗಲ್ಲ ಅಂತ ಕುಂತಿದ್ದೆ, ಎರಡನೇ ಕಂತು ಕಟ್ಟಿಯಾಗಿತ್ತು ಅಂತ ಹೋದೆ. ಕಂತು ಮೊದ್ಲೇ ಕಟ್ಟೋದು ಒಳ್ಳೇದೇ ಒಂದೊಂದ್ಸಲ.

ಇನ್ನೊಂದು, ಬೋರ್ಡಲ್ಲಿ ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತ ಬರ್ದಿದ್ದಾರೆ. ಅದು ಸುಳ್ಳು. ಸಾರಿಗೆ ಅಂಗಡಿಯವರು ಪರಿಚಯ, ಕೇಳಿದೋರಿಗೆ ನಂಬರ್ ಕೊಡ್ತಾರೆ, ಅಷ್ಟೇ. ಸರ್ಟಿಫಿಕೇಟಲ್ಲಿ ನನ್ನ ಇನಿಷಿಯಲ್ ತಪ್ಪು ಬಂದಿತ್ತು, ಸರಿ ಮಾಡಿಕೊಡೋಕೆ ಮೂರು ವಾರ. ಇಲ್ಲಿ ತನಕ ಯಾರೂ ಆ ಸರ್ಟಿಫಿಕೇಟ್ ಕೇಳಿಲ್ಲ ಅನ್ನೋದು ಬೇರೆ ಮಾತು.

ಸೆಪ್ಟೆಂಬರ್ ಬಗ್ಗೆ ಹೇಳ್ಲೇಬೇಕು. ನಮ್ಮ ಬ್ಯಾಚ್ ನಡುಮಧ್ಯೆ ಇರೋವಾಗ 2025ರ ಸೆಪ್ಟೆಂಬರ್ 22ಕ್ಕೆ ರೇಟ್‌ಗಳೇ ಬದಲಾಗಿಹೋದ್ವು, ನವರಾತ್ರಿ ಮೊದಲನೇ ದಿನ. 12 ಮತ್ತೆ 28ರ ಸ್ಲ್ಯಾಬ್ ತೆಗೆದು ಹೆಚ್ಚು ಕಮ್ಮಿ ಎಲ್ಲಾ 5 ಮತ್ತೆ 18ಕ್ಕೆ ಬಂತು. ಸಿಮೆಂಟು 28 ಇದ್ದಿದ್ದು 18, ಸೋಪು ಪೇಸ್ಟು 18 ಇದ್ದಿದ್ದು 5, ಬೆಣ್ಣೆ ತುಪ್ಪ 12 ಇದ್ದಿದ್ದು 5, ಮಕ್ಕಳ ನೋಟ್‌ಬುಕ್ಕಿಗೆ ಸೊನ್ನೆ. ಆ ವಾರ ಕ್ಲಾಸಿಗೆ ಹೋದ್ರೆ ಸಾರೇ ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಪ್ರಿಂಟೌಟ್ ಓದ್ತಾ ಕುಂತಿದ್ದಾರೆ, ಆ ಟಕಟಕ ಹುಡುಗ ಫೋನಲ್ಲಿ ಯಾರಿಗೋ "ಬ್ರೋ ಹಳೇ ಸ್ಟಾಕಿಗೆ ಯಾವ ರೇಟು" ಅಂತ ಕೇಳ್ತಿದ್ದಾನೆ, ಜನರಲ್ ಸ್ಟೋರ್ ಇಟ್ಟಿರೋ ಅಣ್ಣ ಒಬ್ರು "ಹಳೇ ಮಾಲು ಹದಿನೆಂಟು ಕೊಟ್ಟು ತಂದೀನಿ ಈಗ ಐದಕ್ಕೆ ಮಾರಿದ್ರೆ ನನ್ ಗತಿ ಏನ್ರಿ" ಅಂತ ತಲೆ ಮೇಲೆ ಕೈ. ನಾನು ಇದನ್ನ ನೋಡ್ತಾ ನಿಂತೆ, ನಂಗೆ ಒಂಥರ ವಿಚಿತ್ರ ಸಮಾಧಾನ ಆಯ್ತು, ಹೇಳ್ಬಾರ್ದು ಅದನ್ನ ಆದ್ರೂ ಆಯ್ತು. ಹನ್ನೊಂದು ವರ್ಷದಿಂದ ಕುರ್ಚಿ ಬಿಟ್ಟು ಏಳದೋರೂ ಆವತ್ತು ಮೊದಲನೇ ಕ್ಲಾಸಲ್ಲೇ ಇದ್ರು.

ಉತ್ತರ ಗೊತ್ತಿಲ್ಲದೋರಿಗೆ: 22ರಿಂದ ಮಾರಿದ ಮಾಲಿಗೆ ಹೊಸ ರೇಟೇ, ಮಾಲು ಯಾವಾಗ ತಂದಿದ್ರೂ. ತರೋವಾಗ ಕಟ್ಟಿದ ಜಾಸ್ತಿ ಟ್ಯಾಕ್ಸು ಕ್ರೆಡಿಟ್ಟಲ್ಲಿ ಇರುತ್ತೆ, ಮುಂದೆ ಕಟ್ಟೋದ್ರಲ್ಲಿ ಮುರ್ಕೋಬಹುದು. ಟ್ಯಾಲೀಲಿ ಹಳೇ ರೇಟ್ ಅಳಿಸಿ ಹೊಸದು ಬರೀಬಾರ್ದು, ಐಟಂ ಒಳಗೆ ಹೋಗಿ 22ನೇ ತಾರೀಖಿಂದ ಅಂತ ಡೇಟ್ ಹಾಕಿ ಹೊಸ ರೇಟ್ ಸೇರಿಸ್ಬೇಕು, ಆಗ ಹಳೇ ಬಿಲ್ಲಿಗೆ ಹಳೇದು ಹೊಸ ಬಿಲ್ಲಿಗೆ ಹೊಸದು ತಾನೇ ತಗೊಳ್ಳುತ್ತೆ. ಇದನ್ನ ಆ ಅಣ್ಣನ ಲ್ಯಾಪ್‌ಟಾಪಲ್ಲಿ ನಾನೇ ಕುಂತು ಮಾಡಿಕೊಟ್ಟೆ, ಸಾರ್ ಹಿಂದೆ ನಿಂತು ನೋಡ್ತಾ ಏನೂ ಹೇಳ್ಲಿಲ್ಲ. ಬಾಳ ಐಟಂ ಇತ್ತು, ಎರಡು ದಿನ ಹಿಡೀತು. ಆತ ಹಬ್ಬಕ್ಕೆ ಅಂತ ಒಂದು ಕೇಜಿ ಬೆಲ್ಲ, ಶೇಂಗಾ ಕಳ್ಸಿದ್ದ.

ಪೋರ್ಟಲ್ ಭಾಗ, ಅಂದ್ರೆ ಸರ್ಕಾರದ ಜಿಎಸ್‌ಟಿ ವೆಬ್‌ಸೈಟಲ್ಲಿ ಲೆಕ್ಕ ಹಾಕೋದು, ಕಮ್ಮಿ ಹೇಳ್ಕೊಡ್ತಾರೆ, ಅದೇ ಈ ಕ್ಲಾಸಿನ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಬೇರೆಯವ್ರ ಲಾಗಿನ್ ಕೊಡೋಕಾಗಲ್ಲ ಸರಿ, ಆದ್ರೆ ಪ್ರೊಜೆಕ್ಟರಲ್ಲಿ ಸಾರ್ ಮಾಡೋದನ್ನ ಸುಮ್ನೆ ನೋಡಿದ್ರೆ ಕೈಗೆ ಹತ್ತಲ್ಲ. ತಿಂಗಳ 11ಕ್ಕೆ ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿಆರ್ 1, 14ಕ್ಕೆ ನಮಗೆ ಸಿಗೋ ಕ್ರೆಡಿಟ್ ಪಟ್ಟಿ 2ಬಿ ಬರುತ್ತೆ ಅದಕ್ಕೂ ನಮ್ಮ ಪರ್ಚೇಸಿಗೂ ತಾಳೆ ನೋಡ್ಬೇಕು, 20ಕ್ಕೆ ಟ್ಯಾಕ್ಸ್ ಕಟ್ಟೋ 3ಬಿ, ಇದನ್ನ ಹಾಡು ತರ ಬಾಯಿಪಾಠ ಮಾಡಿಸ್ತಾರೆ. ಗಾಡೀಲಿ ಮಾಲು ಕಳ್ಸೋಕೆ ಆನ್‌ಲೈನಲ್ಲಿ ಮಾಡೋ ಇ-ವೇ ಬಿಲ್ ಒಂದೇ ದಿನ ಮುಗಿಸಿದ್ರು, 50 ಸಾವಿರ ದಾಟಿದ ಮಾಲಿಗೆ ಬೇಕು ಅಂತ. ಕೆಲಸಕ್ಕೆ ಹೋದ ಮೂರನೇ ದಿನಾನೇ ನಂಗೆ ಬಂದಿದ್ದು ಅದೇ. ಚಿತ್ರದುರ್ಗಕ್ಕೆ ಹೋಗೋ ಗಾಡಿ ಬಾಗ್ಲಲ್ಲಿ ನಿಂತಿದೆ, ಡ್ರೈವರ್ ಬೀಡಿ ಸೇದ್ತಾ ಆತಾ ಮೇಡಮ್ಮಾರೆ ಅಂತ ಬಗ್ಗಿ ಬಗ್ಗಿ ನೋಡ್ತಾನೆ, ನಾನು ಗಾಡಿ ನಂಬರ್ ತಪ್ಪು ಹೊಡ್ದೆ. ಸಾರಿಗೆ ಫೋನ್ ಮಾಡ್ದೆ, ಅವ್ರು ಊಟಕ್ಕೆ ಕುಂತಿದ್ರೂ ಗಾಡಿ ನಂಬರ್ ಎಲ್ಲಿ ಬದಲಾಯಿಸೋದು ಅಂತ ಹೇಳ್ಕೊಟ್ರು. ಇದಕ್ಕೆ ಮಾತ್ರ ಅರ್ಧ ಸ್ಟಾರ್ ಜಾಸ್ತಿ.

ಹಾಂ, ಕೆಲ್ಸ ಸಿಕ್ಕಿದ್ದು ಹೇಳ್ಲೇ ಇಲ್ಲ. ಅಕ್ಟೋಬರ್ ಕೊನೇಲಿ ಸಾರ್ ಫೋನ್ ಮಾಡಿ "ನಿಮ್ ತಂಗಿಗೆ ಒಂದು ಕೆಲಸ ಐತೆ, ಕಳಿಸ್ತೀರೇನು" ಅಂದ್ರು. ಮಂಡಿಪೇಟೆ ಕಡೆ ಎಲೆಕ್ಟ್ರಿಕಲ್ ಅಂಗಡಿ, ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದು, ಸಂಬಳ ಹದಿಮೂರು ಸಾವಿರ. ನಾನು ಆಗ್ಲೂ ಇನ್ನೊಂದು ತಿಂಗಳು ಕ್ಲಾಸಿಗೆ ಬರ್ತೀನಿ ಸಾರ್, ಪೋರ್ಟಲ್ ಇನ್ನೂ ಸರಿಯಾಗಿ ಬರಲ್ಲ ಅಂದೆ. "ಅಲ್ಲಿ ಹೋಗಿ ತಪ್ಪು ಮಾಡ್ರಿ, ಇಲ್ಲಿ ಬಂದು ಕೇಳ್ರಿ, ಫೀಸ್ ಬೇಡ" ಅಂದ್ರು. ಅಂಗಡಿ ಯಜಮಾನ್ರು ಇಷ್ಟು ವರ್ಷ ಯಾಕೆ ಬಿಟ್ಟಿದ್ರಿ ಅಂತ ಕೇಳ್ತಾರೆ, ಅದಕ್ಕೆ ಏನು ಹೇಳ್ಬೇಕು ಅಂತ ರಾತ್ರಿ ಎಲ್ಲಾ ತಯಾರಿ ಮಾಡ್ಕೊಂಡು ಹೋಗಿದ್ದೆ, ಆ ಮನುಷ್ಯ ಅದನ್ನ ಕೇಳ್ಲೇ ಇಲ್ಲ. ಒಂದು ಪಾರ್ಟಿ ಸ್ಟೇಟ್‌ಮೆಂಟ್ ಮುಂದೆ ಹಾಕಿ "ಇದು ನಮ್ಮ ಖಾತೆಗೆ ಕೂಡ್ತಿಲ್ಲ, ಹುಡುಗ ಎರಡು ದಿನದಿಂದ ಹುಡುಕ್ತಾವ್ನೆ, ನೋಡ್ರಿ" ಅಂದ್ರು.

180 ರೂಪಾಯಿ ವ್ಯತ್ಯಾಸ. ನೋಡ್ತಿದ್ದಂಗೆ ನನ್ನ ತಲೇಲಿ ಹಳೇ ಅಂಗಡಿ ಗುಮಾಸ್ತರು ಬಂದು ಕುಂತ್ರು, ಕೈಯಲ್ಲಿ ಕಿರ್ದಿ ಬರೀತಿದ್ದೋರು, ಅವ್ರು ಹೇಳ್ಕೊಟ್ಟಿದ್ದು: ವ್ಯತ್ಯಾಸ ಒಂಬತ್ತರಿಂದ ಭಾಗ ಆದ್ರೆ ಅಂಕಿ ಹಿಂದು ಮುಂದು ಆಗಿದೆ ಅಂತ ತಿಳ್ಕೋ. 180ನ್ನ ಒಂಬತ್ತರಿಂದ ಭಾಗಿಸಿದ್ರೆ 20. ಅಂದ್ರೆ ಹತ್ತರ ಸ್ಥಾನ ನೂರರ ಸ್ಥಾನ ಅದಲು ಬದಲು, ಆ ಎರಡು ಅಂಕಿ ಮಧ್ಯೆ ಎರಡರ ಅಂತರ ಇರ್ಬೇಕು. ಅಂತಾವು ಹುಡುಕ್ತಾ ಬೆರಳು ಇಟ್ಕೊಂಡು ಕೆಳಗೆ ಬಂದೆ, 12,860 ಬಿಲ್ಲು, ನಮ್ಮಲ್ಲಿ 12,680 ಅಂತ ಬಿದ್ದಿದೆ. ನಾಲ್ಕೋ ಐದೋ ನಿಮಿಷ ಆಗಿರ್ಬೇಕು. ಯಜಮಾನ್ರು ಕನ್ನಡಕ ಹಾಕ್ಕೊಂಡು ನೋಡಿದ್ರು, ಹುಡುಗನಿಗೆ ಟೀ ಹೇಳು ಅಂದ್ರು, ನಾಳೆಯಿಂದ ಬರ್ರಿ ಅಂದ್ರು. ಇದು ಯಾವ ಕ್ಲಾಸಲ್ಲೂ ಹೇಳ್ಕೊಟ್ಟಿದ್ದಲ್ಲ, ಆದ್ರೆ ಕ್ಲಾಸಿಗೆ ಹೋಗದೇ ಇದ್ದಿದ್ರೆ ಆ ಕಾಗದದ ಮುಂದೆ ನಾನು ಕೂರ್ತಾನೇ ಇರ್ಲಿಲ್ಲ.

ಒಟ್ಟು ಐದಕ್ಕೆ ನಾಲ್ಕು ಕೊಡ್ತೀನಿ. ಕಂಪ್ಯೂಟರಿಗೆ ಎರಡು, ಟಾಯ್ಲೆಟ್ಟಿಗೆ ಸೊನ್ನೆ, ಚಪ್ಪಲಿ ಡಬ್ಬಿಗೆ ಐದು. ಲೆಕ್ಕದ ಗಂಧ ಗಾಳಿ ಇಲ್ಲದೇ ಹೊಸದಾಗಿ ಬರೋ ಹುಡುಗ್ರಿಗೆ ಸ್ವಲ್ಪ ಕಷ್ಟ ಆಗುತ್ತೆ, ಡೆಬಿಟ್ ಕ್ರೆಡಿಟ್ ಅಂದ್ರೇನು ಅಂತ ಇಲ್ಲಿ ನಿಧಾನಕ್ಕೆ ಹೇಳ್ಕೊಡಲ್ಲ, ಅವ್ರು ಥಿಯರಿ ಇರೋ ಕಡೆ ಹೋದ್ರೆ ವಾಸಿ. ಮೊದ್ಲು ಮಾಡಿ ಬಿಟ್ಟಿರೋರಿಗೆ ಇದು ಸರಿ. ಫೋನ್ ಮಾಡಿ ಸುಮ್ನೆ ಕೇಳ್ರಿ, ತಂಗಿಗೆ ಅಂತ ಕೇಳಿದ್ರೂ ನಡೆಯುತ್ತೆ, ಸಾರಿಗೆ ಅಭ್ಯಾಸ ಆಗಿದೆಯಂತೆ, ನಾನಾದ್ಮೇಲೆ ಇಬ್ರು ಅಕ್ಕಂದಿರು ಹಂಗೇ ಫೋನ್ ಮಾಡಿದ್ರಂತೆ. ಫೀಸಲ್ಲಿ ಚೌಕಾಸಿ ಮಾಡ್ರಿ, ಐನೂರು ಬಿಡ್ತಾರೆ, ನಾನು ಕೇಳ್ದೆ ಕೊಟ್ಟು ಕೆಟ್ಟೆ.

ಇನ್ನೂ ಬರೀಬೇಕಿತ್ತು, ನಾಳೆ 11, ಆಡಿಟರ್ ಆಫೀಸಿಗೆ ಇವತ್ತೇ ಡೇಟಾ ಹೋಗ್ಬೇಕು. ಎರಡು ಸೇಲ್ಸ್ ಬಿಲ್ಲಲ್ಲಿ ಪಾರ್ಟಿ ಜಿಎಸ್‌ಟಿ ನಂಬರ್ ಹದಿನಾಲ್ಕೇ ಅಕ್ಷರ ಇದೆ, ಒಂದು ಎಲ್ಲೋ ಬಿಟ್ಟೋಗಿದೆ, ಹೊನ್ನಾಳಿ ಪಾರ್ಟಿ ಬೆಳಿಗ್ಗೆಯಿಂದ ಫೋನ್ ಎತ್ತುತ್ತಿಲ್ಲ.